ದಾವಣಗೆರೆಯಿಂದ ಟ್ರ್ಯಾಕ್ ಡೇಗೆ ಹೋಗಿಬರುವ ಕಾರಿಗೆ ಯಾವ ಬ್ರೇಕ್ ಪ್ಯಾಡ್: ಫೆರೋಡೊ ಡಿಎಸ್2500 ಮತ್ತು ಅದರ ಜೊತೆಗಿನ ಆಯ್ಕೆಗಳು

ನಮ್ಮ ಕಡೆಯಿಂದ ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸುವ ದಿನಕ್ಕೆ) ಹೋಗುವ ಕಾರುಗಳಲ್ಲಿ ಟ್ರೇಲರ್ ಮೇಲೆ ಹೋಗುವುದು ಅಪರೂಪ. ತನ್ನ ಗಾಲಿಯ ಮೇಲೇ ಹೋಗಬೇಕು, ಮುಗಿಸಿಕೊಂಡು ಅದೇ ಗಾಲಿಯ ಮೇಲೆ ಮನೆ ಸೇರಬೇಕು. ದಾವಣಗೆರೆ ಪಕ್ಕದ ಎನ್‌ಎಚ್ 48 ಹಿಡಿದರೆ ಚಿತ್ರದುರ್ಗ, ತುಮಕೂರು, ಬೆಂಗಳೂರು, ಹೊಸೂರು, ಕೃಷ್ಣಗಿರಿ ದಾಟಿ ಅದೇ ಹೆದ್ದಾರಿ ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈಗೆ, ಅಂದರೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ ಮುಟ್ಟಿಸುತ್ತದೆ. ಒಂದು ಕಡೆಗೇ 550 ಕಿ.ಮೀ.ಗೂ ಹೆಚ್ಚು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಅಂದರೆ 600 ದಾಟುತ್ತದೆ. ಟ್ರ್ಯಾಕ್ ಮೇಲೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷದ ಕೆಲವು ಸೆಷನ್ ಮಾತ್ರ. ಉಳಿದ ಹೊತ್ತೆಲ್ಲ ಲಾರಿ, ಟೋಲ್ ಸಾಲು, ರಸ್ತೆ ದಾಟುವ ಟ್ರ್ಯಾಕ್ಟರ್. ಪ್ಯಾಡ್ ಆರಿಸುವಾಗ ಈ ದಾರಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆಯ್ಕೆ ತಪ್ಪಿದಂತೆಯೇ.

ತೀರ್ಪನ್ನು ಮೊದಲೇ ಹೇಳುತ್ತೇವೆ. 900ರಿಂದ 1,200 ಕೆ.ಜಿ. ತೂಕದ, ಹಿಂದೆ ಡ್ರಮ್ ಬ್ರೇಕ್ ಇರುವ, ರಸ್ತೆ ಟೈರ್‌ನಲ್ಲೇ ಓಡುವ ಕಾರಿಗೆ (ಪೋಲೊ, ಸ್ವಿಫ್ಟ್, ಸಿಟಿ, ಐ20 ಈ ಗುಂಪಿನವು) ಮುಂದಿನ ಗಾಲಿಗಳಿಗೆ ಫೆರೋಡೊ ರೇಸಿಂಗ್ ಕಂಪನಿಯ ಡಿಎಸ್2500, ಜೊತೆಗೆ ಹೆಚ್ಚು ಕುದಿಬಿಂದುವಿನ ಹೊಸ ಬ್ರೇಕ್ ಆಯಿಲ್. ಹಿಂದಿನ ಬ್ರೇಕ್ ಕಂಪನಿ ಕೊಟ್ಟ ಹಾಗೇ ಇರಲಿ, ಸ್ವಚ್ಛವಾಗಿ, ಸರಿಯಾಗಿ ಅಡ್ಜಸ್ಟ್ ಆಗಿರಲಿ. ಇದಕ್ಕಿಂತ ಹೆಚ್ಚು ಖರ್ಚು ಮಾಡುವ ಮೊದಲು ಮುಂದಿನದನ್ನು ಓದಿ.

ಬಹಳ ಜನ ಪ್ಯಾಡ್ ಕೊಳ್ಳುವುದು ‘ಬೈಟ್’ ನೋಡಿ, ಅಂದರೆ ಪೆಡಲ್ ಮುಟ್ಟಿದ ತಕ್ಷಣ ಎಷ್ಟು ಜೋರಾಗಿ ಹಿಡಿಯುತ್ತದೆ ಅನ್ನುವುದನ್ನು ನೋಡಿ. ಕಂಪನಿ ಪ್ಯಾಡ್‌ನಲ್ಲೇ ಜೋರಾಗಿ ಒತ್ತಿದರೆ ಎಬಿಎಸ್ (ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತದಲ್ಲವೇ? ಹಾಗಾದರೆ ಟೈರ್ ತಡೆದುಕೊಳ್ಳುವಷ್ಟು ಹಿಡಿತ ಆ ಪ್ಯಾಡ್‌ನಲ್ಲಿ ಈಗಾಗಲೇ ಇದೆ. ಟ್ರ್ಯಾಕ್‌ನಲ್ಲಿ ಕಂಪನಿ ಪ್ಯಾಡ್ ಸೋಲುವುದು ಶಾಖಕ್ಕೆ. ಲೆಕ್ಕ ಹಾಕಿ ನೋಡೋಣ. ಚಾಲಕನೂ ಸೇರಿ 1,100 ಕೆ.ಜಿ. ಇರುವ ಕಾರು 80 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಬ್ರೇಕ್‌ಗೆ ಹೋಗುವ ಶಕ್ತಿ ಸುಮಾರು 270 ಕಿಲೋಜೂಲ್. ಅದೇ ಕಾರು ಟ್ರ್ಯಾಕ್‌ನಲ್ಲಿ 150ರಿಂದ 60ಕ್ಕೆ ಇಳಿದರೆ ಸುಮಾರು 800 ಕಿಲೋಜೂಲ್. ನಿಲ್ಲಿಸಿಯೂ ಇಲ್ಲ, ಶಾಖ ಆಗಲೇ ಮೂರು ಪಟ್ಟು. ಇದರಲ್ಲಿ ಮುಂದಿನ ಗಾಲಿಗಳ ಪಾಲು ಶೇಕಡಾ 70 ಎಂದಿಟ್ಟುಕೊಂಡರೆ, ಗಾಲಿಯ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ಒಂದೊಂದು ಡಿಸ್ಕ್‌ಗೆ 280 ಕಿಲೋಜೂಲ್. ಐದು ಕೆ.ಜಿ. ತೂಕದ ಬೀಡುಕಬ್ಬಿಣದ ಡಿಸ್ಕ್ ಇಷ್ಟು ನುಂಗಿದರೆ ಒಂದೇ ಸಲಕ್ಕೆ 120 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ. ಗಾಳಿ, ಎಂಜಿನ್ ಬ್ರೇಕಿಂಗ್ ಒಂದಿಷ್ಟು ಕಡಿಮೆ ಮಾಡುತ್ತವೆ, ನಿಜ. ಆದರೆ ಒಂದು ಲ್ಯಾಪ್‌ನಲ್ಲಿ ಇಂಥ ಹಲವು ಬ್ರೇಕಿಂಗ್ ಇರುತ್ತವೆ, ಮಧ್ಯೆ ತಣಿಯಲು ಸಿಗುವುದು ಕೆಲವು ಸೆಕೆಂಡು. ಎರಡನೇ ಮೂರನೇ ಲ್ಯಾಪ್‌ಗೆ ಡಿಸ್ಕ್ 400, 500 ಡಿಗ್ರಿ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಕರಿ ಟ್ರ್ಯಾಕ್‌ನ ಉದ್ದ 2.1 ಕಿ.ಮೀ., ಮದ್ರಾಸ್‌ನದು 3.7 ಕಿ.ಮೀ. ಕರಿಯಲ್ಲಿ ವೇಗ ಕಡಿಮೆಯಾದರೂ ತಿರುವುಗಳ ನಡುವಿನ ಬಿಡುವೂ ಕಡಿಮೆ, ಆದ್ದರಿಂದ ಸಣ್ಣ ಟ್ರ್ಯಾಕ್ ಎಂದು ಬ್ರೇಕ್ ವಿಷಯದಲ್ಲಿ ಸಡಿಲ ಬಿಡಬೇಡಿ.

ರಸ್ತೆಯ ಪ್ಯಾಡ್‌ನ ಪದಾರ್ಥಗಳನ್ನು ಹಿಡಿದಿಡುವುದು ಫಿನಾಲಿಕ್ ರೆಸಿನ್ ಎಂಬ ಅಂಟು. ಸುಮಾರು 350 ಡಿಗ್ರಿಯ ಆಚೆ ಅದು ಸುಟ್ಟು ಅನಿಲ ಬಿಡತೊಡಗುತ್ತದೆ. ಪ್ಯಾಡ್‌ಗೂ ಡಿಸ್ಕ್‌ಗೂ ಮಧ್ಯೆ ಆ ಅನಿಲ ಸೇರಿ ಹಿಡಿತ ಬೀಳುತ್ತದೆ. ಇದೇ ಪ್ಯಾಡ್ ಫೇಡ್. ಇದರ ಗುರುತು ಸ್ಪಷ್ಟ: ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಧಾನವಾಗುವುದಿಲ್ಲ. ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತಿದ್ದರೆ ಕಾಯಿಲೆ ಬೇರೆ, ಬ್ರೇಕ್ ಆಯಿಲ್ ಕುದ್ದು ಪೈಪ್‌ನಲ್ಲಿ ಆವಿ ಸೇರಿದೆ. ಈ ಎರಡನ್ನು ಗೊಂದಲ ಮಾಡಿಕೊಂಡು ಆಯಿಲ್ ಬದಲಿಸಬೇಕಾದವರು ದುಬಾರಿ ಪ್ಯಾಡ್ ಕೊಳ್ಳುತ್ತಾರೆ, ಪ್ಯಾಡ್ ಬದಲಿಸಬೇಕಾದವರು ಆಯಿಲ್ ಸುರಿಯುತ್ತಾರೆ. ಪಿಟ್‌ಗೆ ಬಂದ ಮೇಲೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಪೆಡಲ್ ಗಟ್ಟಿಯಿತ್ತೋ ಮೆತ್ತಗಿತ್ತೋ ಅನ್ನುವುದು.

ಪ್ಯಾಡ್‌ನ ಅಂಚಿನಲ್ಲಿ ಮಸಿಯಲ್ಲಿ ಒತ್ತಿರುವ ಎರಡು ಅಕ್ಷರ ನೋಡಿ ಕೊಳ್ಳುವವರೂ ಇದ್ದಾರೆ: ಎಫ್‌ಎಫ್, ಜಿಜಿ ಇತ್ಯಾದಿ. ಮೊದಲನೆಯದು ಸಾಧಾರಣ ಬಿಸಿಯ ಹಿಡಿತ, ಎರಡನೆಯದು ಹೆಚ್ಚು ಬಿಸಿಯ ಹಿಡಿತ. ಇ ಅಂದರೆ ಘರ್ಷಣೆಯ ಗುಣಾಂಕ (ಹಿಡಿತದ ಅಳತೆ, ಹೆಚ್ಚಿದಷ್ಟೂ ಹಿಡಿತ ಜೋರು) 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಉಪಯುಕ್ತ ಮಾಹಿತಿಯೇ, ಆದರೆ ಟ್ರ್ಯಾಕ್‌ಗೆ ಸಾಲದು. ಎರಡನೇ ಅಕ್ಷರದ ಪರೀಕ್ಷೆ 343 ಡಿಗ್ರಿಗೆ ಮುಗಿದುಹೋಗುತ್ತದೆ. ನಮಗೆ ಬೇಕಾದದ್ದು ಅಲ್ಲಿಂದ ಆಚೆಗಿನ ಸುದ್ದಿ. ಅದನ್ನು ಕೊಡುವುದು ತಯಾರಕರು ಪ್ರಕಟಿಸುವ ಬಿಸಿ ಮತ್ತು ಹಿಡಿತದ ಗೆರೆಚಿತ್ರ ಒಂದೇ.

ಡಿಎಸ್2500 ಇಷ್ಟವಾಗುವುದು ಅಲ್ಲೇ. ತಯಾರಕರು ಹೇಳುವ ಸರಾಸರಿ ಗುಣಾಂಕ 0.42, ಅದೂ 20ರಿಂದ 500 ಡಿಗ್ರಿಯವರೆಗೆ. 0.42 ಕೇಳಲು ದೊಡ್ಡದಲ್ಲ. ಆದರೆ ಹಿಂದೆ ಡ್ರಮ್ ಇರುವ ಕಾರಿಗೆ ಅದೇ ಸರಿಯಾದ ಅಳತೆ. ಡ್ರಮ್‌ಗೆ ರೇಸಿಂಗ್ ಲೈನರ್ ಹುಡುಕುವುದು ಕಷ್ಟ. ಮುಂದೆ ಮಾತ್ರ 0.5ರ ಮೇಲಿನ ಪ್ಯಾಡ್ ಹಾಕಿದರೆ ಮುಂದಿನ ಟೈರ್ ಬೇಗ ಲಾಕ್ ಆಗುವ ಮಟ್ಟಕ್ಕೆ ಬಂದು ಎಬಿಎಸ್ ಬಡಿಯುತ್ತದೆ, ಹಿಂದಿನ ಬ್ರೇಕ್ ಅರ್ಧ ಕೆಲಸವನ್ನೂ ಮಾಡದೆ ಕೂತಿರುತ್ತದೆ. ಆಗ ಮುಂದಿನ ಡಿಸ್ಕ್‌ಗೆ ಇನ್ನಷ್ಟು ಶಾಖ, ನಿಲ್ಲುವ ದೂರವೂ ಕಡಿಮೆಯಾಗುವುದಿಲ್ಲ. 0.42 ಈ ಸಮತೋಲ ಕೆಡಿಸುವುದಿಲ್ಲ. ಪೆಡಲ್ ಒತ್ತಿದಷ್ಟಕ್ಕೆ ತಕ್ಕ ಹಿಡಿತ, ಬಿಟ್ಟಾಗ ತಕ್ಷಣ ಸಡಿಲ. ತಿರುವಿನೊಳಕ್ಕೆ ಬ್ರೇಕ್ ಎಳೆದುಕೊಂಡು ಹೋಗಿ ಮೆಲ್ಲಗೆ ಬಿಡುವ ಅಭ್ಯಾಸ ಮಾಡುವವರಿಗೆ ಇದು ದೊಡ್ಡ ಅನುಕೂಲ.

ತಣ್ಣಗಿದ್ದಾಗಲೂ ಹಿಡಿಯುತ್ತದೆ ಅನ್ನುವುದು ಹೆಬ್ಬಾಳು ಟೋಲ್‌ನಲ್ಲೇ ಗೊತ್ತಾಗುವ ಗುಣ. ಈ ಹೆದ್ದಾರಿಯಲ್ಲಿ ಬ್ರೇಕ್ ಮುಟ್ಟದೆ ಅರ್ಧ ಗಂಟೆ ಓಡಿಸಬಹುದು. ಪ್ಯಾಡ್ ಪೂರ್ತಿ ತಣಿದಿರುತ್ತದೆ. ಆಮೇಲೆ ಒಮ್ಮೆಲೇ ಟೋಲ್ ಸಾಲು, ಇಲ್ಲವೇ ಹಿರಿಯೂರು ಕಡೆ ಗುಯಿಲಾಳು ಟೋಲ್ ಹತ್ತಿರ ಲೇನ್ ಬದಲಿಸುವ ಲಾರಿ. ಶುದ್ಧ ರೇಸ್ ಪ್ಯಾಡ್ ಹಾಕಿದ ಕಾರಿಗೆ ಆ ಮೊದಲ ಬ್ರೇಕಿಂಗ್‌ನಲ್ಲಿ ಹಿಡಿತ ತೀರಾ ಕಡಿಮೆ. ಕ್ಯಾಟಲಾಗ್‌ನಲ್ಲಿ ‘200 ಡಿಗ್ರಿಯಿಂದ’ ಎಂದು ಬರೆದಿದ್ದರೆ ಅದರ ಅರ್ಥ ಇದೇ. ಅಷ್ಟೇ ಅಲ್ಲ, ತಣ್ಣಗಿನ ರೇಸ್ ಪ್ಯಾಡ್ ಡಿಸ್ಕ್ ಮೇಲೆ ತನ್ನ ಪದರ ಬಿಡುವ ಬದಲು ಡಿಸ್ಕನ್ನೇ ಉಜ್ಜುತ್ತದೆ. ಮನೆಯಿಂದ ಟ್ರ್ಯಾಕ್‌ಗೆ, ಟ್ರ್ಯಾಕ್‌ನಿಂದ ಮನೆಗೆ ಹೀಗೆ ಉಜ್ಜಿದರೆ ಡಿಸ್ಕ್‌ನ ಆಯುಷ್ಯ ಹೆದ್ದಾರಿಯಲ್ಲೇ ತೀರುತ್ತದೆ.

ಕೊರತೆಗಳೂ ಇವೆ. ಧೂಳು ಹೆಚ್ಚು, ಅಲಾಯ್ ಗಾಲಿ ಬೇಗ ಕಪ್ಪಾಗುತ್ತದೆ. ನಿಧಾನ ವೇಗದಲ್ಲಿ ಕಿರುಗುಟ್ಟುವುದುಂಟು, ಶಾಮನೂರು ರಸ್ತೆಯ ಸಿಗ್ನಲ್‌ನಲ್ಲಿ ನಿಲ್ಲುವಾಗ ಪಕ್ಕದವರು ತಿರುಗಿ ನೋಡಬಹುದು. ಬೆಲೆ ಕಂಪನಿ ಪ್ಯಾಡ್‌ನ ಹಲವು ಪಟ್ಟು. ಮುಖ್ಯವಾದ ಮಿತಿ 500 ಡಿಗ್ರಿ. 1,400 ಕೆ.ಜಿ. ದಾಟಿದ ಟರ್ಬೊ ಸೆಡಾನ್, ಅಥವಾ ಸೆಮಿ ಸ್ಲಿಕ್ (ಗೀರು ಕಡಿಮೆ, ಹಿಡಿತ ಹೆಚ್ಚಿರುವ) ಟೈರ್ ಹಾಕಿಕೊಂಡು ತಡವಾಗಿ ಬ್ರೇಕ್ ಒತ್ತುವ ಅನುಭವಿ ಚಾಲಕ ಈ ಮಿತಿಯನ್ನು ಸಲೀಸಾಗಿ ದಾಟುತ್ತಾರೆ. ದಾಟಿದಾಗ ಮೊದಲು ಕಾಣುವುದು ಸವೆತ. ಪ್ಯಾಡ್ ಬಿಸ್ಕತ್ತಿನ ಅಂಚಿನಂತೆ ಪುಡಿಯಾಗಿ ಉದುರುತ್ತದೆ. ಅಂಥವರಿಗೆ ಇದು ಬೇಡ.

ಅವರಿಗೆ ಅದೇ ಮನೆಯ ಡಿಎಸ್1.11 ಇದೆ. ಸಿಲೋಕ್ಸೇನ್ ಆಧಾರದ ಅಂಟು, ಸರಾಸರಿ 0.46, ಬಹಳ ಹೊತ್ತಿನ ರೇಸ್‌ಗೆ ಮಾಡಿದ ಪ್ಯಾಡ್. ಬಿಸಿಯಾದ ಮೇಲೆ ಹಿಡಿತ ಏರುಪೇರಾಗುವುದಿಲ್ಲ, ಬಾಳಿಕೆಯೂ ಚೆನ್ನ. ಆದರೆ ಇದನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಪಿಟ್‌ನಲ್ಲಿ ಹಾಕಿಕೊಳ್ಳಬೇಕು, ಸಂಜೆ ಬಿಚ್ಚಿ ರಸ್ತೆ ಪ್ಯಾಡ್ ಹಾಕಿಕೊಂಡು ಹೊರಡಬೇಕು. ಎರಡು ಬೇರೆ ಬೇರೆ ಜಾತಿಯ ಪ್ಯಾಡನ್ನು ಒಂದೇ ಡಿಸ್ಕ್ ಮೇಲೆ ಓಡಿಸಿದರೆ ಒಂದರ ಪದರದ ಮೇಲೆ ಇನ್ನೊಂದು ಕೂರದೆ ಪೆಡಲ್ ನಡುಗುವುದುಂಟು. ಆದ್ದರಿಂದ ಈ ದಾರಿ ಹಿಡಿದವರು ಡಿಸ್ಕ್‌ಗಳ ಎರಡನೇ ಜೋಡಿಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಖರ್ಚು, ತೂಕ, ಪಿಟ್‌ನಲ್ಲಿ ಹೋಗುವ ಸಮಯ ಎಲ್ಲ ಸೇರಿಸಿ ನೋಡಿದರೆ ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಇದು ಹೆಚ್ಚಾಯಿತು.

ಇಬಿಸಿ ಕಂಪನಿಯ ಬಣ್ಣದ ಸಾಲು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಗೊಂದಲವೂ ಅಲ್ಲೇ ಹೆಚ್ಚು. ಗ್ರೀನ್‌ಸ್ಟಫ್, ರೆಡ್‌ಸ್ಟಫ್ ಎರಡೂ ರಸ್ತೆಗೆ. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಟ್ರ್ಯಾಕ್‌ಗೆ ಹಾಕಬೇಡಿ. ಯೆಲ್ಲೋಸ್ಟಫ್‌ನಿಂದ ಮೇಲೆ ಟ್ರ್ಯಾಕ್ ಮಾತು ಶುರು. ಯೆಲ್ಲೋಸ್ಟಫ್ ತಣ್ಣಗಿದ್ದಾಗಲೇ ಜೋರಾಗಿ ಹಿಡಿಯುತ್ತದೆ, ಹೊಸದಾಗಿ ಬರುವವರಿಗೆ, ಹಗುರ ಕಾರಿಗೆ ಒಳ್ಳೆಯ ಎರಡನೇ ಆಯ್ಕೆ. ಸೆಷನ್ ಉದ್ದವಾದಂತೆ ಡಿಎಸ್2500 ಕೊಡುವ ಒಂದೇ ಸಮನಾದ ಪೆಡಲ್‌ಗೆ ನಮ್ಮ ಒಲವು.

ಕೊಳ್ಳುವ ವಿಷಯ. ಪಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಬೇಕಾದದ್ದು ಕಂಪನಿ ಪ್ಯಾಡ್, ಬಾಷ್, ರಾಣೆ, ಬ್ರೇಕ್ಸ್ ಇಂಡಿಯಾ ಇಂಥವು. ಅವು ದಿನದ ಓಡಾಟಕ್ಕೆ ಚೆನ್ನಾಗಿವೆ. ಟ್ರ್ಯಾಕ್ ಪ್ಯಾಡ್ ಬೆಂಗಳೂರಿನ ಜೆ.ಸಿ. ರಸ್ತೆಯ ವ್ಯಾಪಾರಿಗಳಿಂದಲೋ ಆನ್‌ಲೈನ್‌ನಲ್ಲೋ ಆರ್ಡರ್ ಮಾಡಿ ಪಾರ್ಸೆಲ್ ತರಿಸಬೇಕು. ಆರ್ಡರ್ ಮಾಡುವಾಗ ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ಒಂದೇ ಮಾಡೆಲ್‌ನಲ್ಲಿ ಎಂಜಿನ್‌ಗೆ ತಕ್ಕಂತೆ ಕ್ಯಾಲಿಪರ್ (ಪಿಸ್ಟನ್‌ನಿಂದ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಬೇರೆ ಇರಬಹುದು, ವಿದೇಶದ ಅದೇ ಹೆಸರಿನ ಕಾರಿಗೆ ಡಿಸ್ಕ್ ದೊಡ್ಡದಿರಬಹುದು. ಹಳೆ ಪ್ಯಾಡ್ ಬಿಚ್ಚಿ ಅದರ ಲೋಹದ ತಟ್ಟೆಯ ಉದ್ದ, ಎತ್ತರ, ದಪ್ಪ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಕ್ಯಾಟಲಾಗ್ ಚಿತ್ರದೊಂದಿಗೆ ಹೋಲಿಸಿ. ಫೆರೋಡೊ ರೇಸಿಂಗ್ ಸಂಖ್ಯೆ ಎಫ್‌ಸಿಪಿಯಿಂದ ಶುರುವಾಗುತ್ತದೆ. ಕೊನೆಯ ಅಕ್ಷರ ಎಚ್ ಆದರೆ ಡಿಎಸ್2500, ಆರ್ ಆದರೆ ಡಿಎಸ್3000, ಡಬ್ಲ್ಯು ಆದರೆ ಡಿಎಸ್1.11. ಆಕಾರ ಸರಿಯಿದ್ದು ಆ ಒಂದು ಅಕ್ಷರ ತಪ್ಪಿದರೆ ಬರುವುದು ಬೇರೆಯೇ ಪ್ಯಾಡ್. ಇಬಿಸಿಯಲ್ಲಿ ಡಿಪಿ ನಂತರದ ಮೊದಲ ಅಂಕೆ ನೋಡಿ: 2 ಹಸಿರು, 3 ಕೆಂಪು, 4 ಹಳದಿ, 5 ನೀಲಿ. ಪೆಟ್ಟಿಗೆಯ ಸೀಲ್ ಒಡೆದಿದ್ದರೆ, ತಟ್ಟೆಯ ಮೇಲೆ ಬ್ಯಾಚ್ ನಂಬರ್ ಇಲ್ಲದಿದ್ದರೆ, ಪ್ಯಾಡ್ ಮತ್ತು ತಟ್ಟೆ ಕೂಡುವಲ್ಲಿ ಬಿರುಕು ಕಂಡರೆ ವಾಪಸ್ ಕಳಿಸಿ. ಡೂಪ್ಲಿಕೇಟ್ ಪ್ಯಾಡ್ ಟ್ರ್ಯಾಕ್‌ನಲ್ಲಿ ತಟ್ಟೆಯಿಂದಲೇ ಕಿತ್ತು ಬರಬಹುದು, ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ.

ಜೋಡಿಸುವ ಕೆಲಸ ಊರಿನ ಯಾವ ಒಳ್ಳೆಯ ಮೆಕ್ಯಾನಿಕ್‌ಗೂ ಗೊತ್ತು. ಕೆಲವು ಕಡೆ ಮಾತ್ರ ನಿಂತು ನೋಡಿಕೊಳ್ಳಬೇಕು. ಮೊದಲನೆಯದು, ಕಂಪ್ರೆಸರ್ ಗಾಳಿ ಬಿಟ್ಟು ಪ್ಯಾಡ್ ಧೂಳು ಊದುವುದು ಬೇಡ. ಆ ಧೂಳು ಎದೆಗೆ ಹೋಗುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಲಿ. ಪಿಸ್ಟನ್ ಹಿಂದಕ್ಕೆ ತಳ್ಳುವ ಮೊದಲು ಆಯಿಲ್ ಡಬ್ಬಿಯಿಂದ ಸಿರಿಂಜ್‌ನಲ್ಲಿ ಸ್ವಲ್ಪ ತೆಗೆಯಬೇಕು, ಇಲ್ಲದಿದ್ದರೆ ಉಕ್ಕಿ ಪೇಂಟ್ ಹಾಳುಮಾಡುತ್ತದೆ. ಪೋಲೊ, ವೆಂಟೊದಲ್ಲಿ ಕ್ಯಾಲಿಪರ್ ಪಿನ್‌ಗೆ 7 ಎಂಎಂ ಅಲೆನ್ ಕೀ ಬೇಕು, ಮಾರುತಿ, ಹ್ಯುಂಡೈಗಳಲ್ಲಿ ಸಾಮಾನ್ಯವಾಗಿ 12 ಅಥವಾ 14ರ ಪಾನಾ. ಆ ಪಿನ್‌ಗಳೇ ನಮ್ಮ ಕಡೆ ಹೆಚ್ಚು ಕಾಡುವುದು. ಚಿತ್ರದುರ್ಗದ ಗಣಿ ರಸ್ತೆಗಳ ಕೆಂಪು ಧೂಳು, ಮೆಕ್ಕೆಜೋಳದ ಸುಗ್ಗಿಯ ಹೊಟ್ಟು ರಬ್ಬರ್ ಬೂಟ್ ಹರಿದ ಕಡೆ ಒಳಸೇರಿ ಪಿನ್ ಬಿಗಿಯುತ್ತದೆ. ಪಿನ್ ಬಿಗಿದರೆ ಒಳಗಿನ ಪ್ಯಾಡ್ ಬೇಗ ಸವೆಯುತ್ತದೆ, ಹೊರಗಿನದು ಹೊಸದರಂತೆ ಉಳಿಯುತ್ತದೆ. ಹಳೆ ಪ್ಯಾಡ್‌ಗಳಲ್ಲಿ ಈ ವ್ಯತ್ಯಾಸ ಕಂಡರೆ ಹೊಸ ಪ್ಯಾಡ್ ಹಾಕುವ ಮೊದಲು ಪಿನ್ ತೊಳೆದು ಸಿಲಿಕಾನ್ ಗ್ರೀಸ್ ಹಚ್ಚಿಸಿ. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಬೂಟ್ ರಬ್ಬರನ್ನು ಉಬ್ಬಿಸುತ್ತದೆ.

ಡಿಸ್ಕ್ ನೋಡದೆ ಪ್ಯಾಡ್ ಹಾಕಬೇಡಿ. ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಡಿಸ್ಕ್ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ ಒತ್ತಿರುತ್ತಾರೆ. ಗೀರು ಬಿದ್ದ ಡಿಸ್ಕನ್ನು ಲೇತ್‌ಗೆ ಕೊಟ್ಟು ನುಣ್ಣಗೆ ಮಾಡಿಸುವುದು ಊರಿನ ರೂಢಿ, ರಸ್ತೆ ಕಾರಿಗೆ ಸರಿಯೇ. ಟ್ರ್ಯಾಕ್ ಕಾರಿಗೆ ಬೇಡ. ಲೇತ್‌ನಲ್ಲಿ ಹೋದ ಪ್ರತಿ ಮಿಲಿಮೀಟರ್ ಶಾಖ ನುಂಗುವ ಕಬ್ಬಿಣ. ಮೇಲೆ ಹೇಳಿದ 120 ಡಿಗ್ರಿ 140 ಆಗುವುದು ಹೀಗೆಯೇ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಟ್ರ್ಯಾಕ್ ಶಾಖಕ್ಕೆ ತೂತಿನಿಂದ ತೂತಿಗೆ ಬಿರುಕು ಬಿಡುತ್ತದೆ. ಒಳಗೆ ಗಾಳಿ ಹಾಯುವ ಸಾದಾ ಡಿಸ್ಕ್, ಅಥವಾ ಗೆರೆ ಕೊರೆದದ್ದು ಸಾಕು. ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಹಜ, ಒಂದು ಬಿರುಕು ಅಂಚು ಮುಟ್ಟಿದರೂ ಡಿಸ್ಕ್ ಗುಜರಿಗೆ.

ಬ್ರೇಕ್ ಆಯಿಲ್ ಬಗ್ಗೆ ಪ್ಯಾಡ್‌ನಷ್ಟೇ ಯೋಚಿಸಬೇಕು. ಡಾಟ್ ಅನ್ನುವುದು ಅದರ ದರ್ಜೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಗೆ, ಡಾಟ್ 4 ಕನಿಷ್ಠ 230ಕ್ಕೆ ಕುದಿಯಬೇಕೆಂಬುದು ಮಾನದಂಡ. ಗಾಳಿಯ ತೇವ ಹೀರಿದ ಮೇಲೆ ಈ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಆಯಿಲ್ ಟ್ರ್ಯಾಕ್‌ಗೆ ಯೋಗ್ಯವಲ್ಲ. ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿ ತಡೆಯುತ್ತದೆ, ಡಾಟ್ 4 ಜೊತೆ ಹೊಂದುತ್ತದೆ. ಪೂರ್ತಿ ಬದಲಿಸಲು 500 ಮಿ.ಲೀ.ನ ಎರಡು ಬಾಟಲಿ ಸಾಕು. ಸಿಲಿಕಾನ್ ಆಧಾರದ ಡಾಟ್ 5 ಮಾತ್ರ ಬೇಡವೇ ಬೇಡ, ಹೆಸರು 5.1ರಂತೆ ಕಂಡರೂ ಅದು ಬೇರೆ ಜಾತಿ. ಏರ್ (ಪೈಪ್‌ನಲ್ಲಿ ಸೇರಿದ ಗಾಳಿ) ತೆಗೆಯುವ ಕ್ರಮ ಕಾರಿನ ಮ್ಯಾನುಯಲ್‌ನಲ್ಲಿ ಬೇರೆ ಇಲ್ಲದಿದ್ದರೆ ದೂರದ ಗಾಲಿಯಿಂದ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಹಳೆ ಕಾರಿನಲ್ಲಿ ಪೆಡಲನ್ನು ನೆಲದವರೆಗೆ ತುಳಿಯುತ್ತ ಏರ್ ತೆಗೆದರೆ ಮಾಸ್ಟರ್ ಸಿಲಿಂಡರ್‌ನ ಸೀಲ್ ತನ್ನ ಮಾಮೂಲಿ ದಾರಿ ಬಿಟ್ಟು ತುಕ್ಕಿನ ಭಾಗಕ್ಕೆ ಉಜ್ಜಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಈ ತೊಂದರೆ ಇಲ್ಲ.

ಹೊಸ ಪ್ಯಾಡ್ ಹದಕ್ಕೆ ತರುವುದಕ್ಕೆ ಬೆಡ್ಡಿಂಗ್ ಅನ್ನುತ್ತಾರೆ. ಡಿಸ್ಕ್ ಮೇಲೆ ಪ್ಯಾಡ್‌ನ ತೆಳು ಪದರ ಸಮನಾಗಿ ಕೂರಿಸುವ ಕೆಲಸ. ಇದನ್ನು ಎನ್‌ಎಚ್ 48ರಲ್ಲಿ 100ರ ವೇಗದಿಂದ ಬ್ರೇಕ್ ಒತ್ತಿ ಮಾಡಬೇಡಿ, ಹಿಂದೆ ಬರುವ ಲಾರಿಗೆ ನಿಮ್ಮ ಉದ್ದೇಶ ಗೊತ್ತಿರುವುದಿಲ್ಲ. ಊರಲ್ಲಿ 150ರಿಂದ 200 ಕಿ.ಮೀ. ಮಾಮೂಲಾಗಿ ಓಡಿಸಿ ಪ್ಯಾಡ್ ಪೂರ್ತಿ ಅಗಲಕ್ಕೆ ಕೂರುವಂತೆ ಮಾಡಿ. ಉಳಿದದ್ದು ಟ್ರ್ಯಾಕ್‌ನ ಮೊದಲ ಸೆಷನ್‌ನಲ್ಲಿ: 120ರಿಂದ 50ಕ್ಕೆ ಇಳಿಸುವ ಎಂಟು ಹತ್ತು ಬ್ರೇಕಿಂಗ್, ಪ್ರತಿ ಸಲ ಹಿಂದಿನದಕ್ಕಿಂತ ಸ್ವಲ್ಪ ಜೋರು, ಎಲ್ಲೂ ಪೂರ್ತಿ ನಿಲ್ಲಿಸಬಾರದು. ಆಮೇಲೆ ಬ್ರೇಕ್ ಆದಷ್ಟು ಮುಟ್ಟದ ಒಂದು ಲ್ಯಾಪ್, ಪಿಟ್‌ಗೆ ಬಂದು ಕಾಲು ಗಂಟೆ ತಣಿಸುವುದು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಪಾಲಿಸಿ. ಈ ಹಂತ ಬಿಟ್ಟು ನೇರವಾಗಿ ಜೋರು ಓಡಿಸಿದರೆ ಪ್ಯಾಡ್ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಎಮೆರಿ ಪೇಪರ್‌ನಲ್ಲಿ ಉಜ್ಜಿ ಮತ್ತೆ ಮೊದಲಿಂದ ಮಾಡಬೇಕು.

ಪಿಟ್‌ನಲ್ಲಿ ನಿಂತಾಗ ಪೆಡಲ್ ಮೇಲೆ ಕಾಲಿಡಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರ್‌ನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ. ಬಿಸಿ ಡಿಸ್ಕ್‌ಗೆ ಪ್ಯಾಡ್ ಒತ್ತಿ ನಿಂತ ಕಡೆ ಅದರ ಅಚ್ಚು ಉಳಿಯುತ್ತದೆ, ಆಮೇಲೆ ಪ್ರತಿ ಬ್ರೇಕಿಂಗ್‌ಗೂ ಸ್ಟೇರಿಂಗ್ ನಡುಗುತ್ತದೆ. ‘ಡಿಸ್ಕ್ ಬೆಂಡಾಗಿದೆ’ ಎಂದು ಗ್ಯಾರೇಜ್‌ಗೆ ಬರುವ ಎಷ್ಟೋ ಕಾರುಗಳಲ್ಲಿ ಇರುವುದು ಇದೇ ಅಚ್ಚು.

ಡಿಸ್ಕ್ ಎಷ್ಟು ಬಿಸಿಯಾಯಿತು ಎಂದು ತಿಳಿಯಲು ಡಿಸ್ಕ್‌ನ ಹೊರ ಅಂಚಿಗೆ ಹಚ್ಚುವ ಮೂರು ಬಣ್ಣದ ಥರ್ಮಲ್ ಪೇಂಟ್ ಸಿಗುತ್ತದೆ. ಹಸಿರು ಸುಮಾರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬದಲಿಸುತ್ತದೆ. ಹಸಿರು ಮಾತ್ರ ಬದಲಾಗಿದ್ದರೆ ಡಿಎಸ್2500 ನಿಮ್ಮ ಕಾರಿಗೆ ಸರಿಯಾದ ಪ್ಯಾಡ್. ಕಿತ್ತಳೆಯೂ ಬದಲಾಗಿದ್ದರೆ ಡಿಎಸ್1.11ರ ಲೆಕ್ಕಾಚಾರ ಶುರುಮಾಡಿ. ಪಿಟ್‌ನಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ನಂಬಬೇಡಿ. ಒಳಬರುವ ಲ್ಯಾಪ್‌ನಲ್ಲೇ ಡಿಸ್ಕ್ ನೂರಾರು ಡಿಗ್ರಿ ತಣಿದಿರುತ್ತದೆ.

ರಸ್ತೆಯಲ್ಲಿ ಪ್ಯಾಡನ್ನು 3 ಎಂಎಂ ತನಕ ಓಡಿಸುವವರಿದ್ದಾರೆ. ಟ್ರ್ಯಾಕ್‌ಗೆ ಹೊರಡುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು, 5–6 ಎಂಎಂಗಿಂತ ಕಡಿಮೆಯಿದ್ದರೆ ಹೊಸದು ಹಾಕಿ. ಪ್ಯಾಡ್ ತೆಳುವಾದಷ್ಟೂ ಡಿಸ್ಕ್ ಶಾಖ ನೇರವಾಗಿ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ ಹೋಗುತ್ತದೆ. ಸಂಜೆ ವಾಪಸ್ ಹೊರಡುವ ಮೊದಲು ನಾಲ್ಕೂ ಗಾಲಿ ತಣಿದ ಮೇಲೆ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಯಿರಿ (ಫೋಕ್ಸ್‌ವ್ಯಾಗನ್‌ಗೆ 120 ನ್ಯೂಟನ್ ಮೀಟರ್), ಗಾಲಿ ಕಡ್ಡಿಗಳ ಸಂದಿಯಿಂದ ಪ್ಯಾಡ್ ದಪ್ಪ ನೋಡಿ, ನಿಂತಲ್ಲೇ ಪೆಡಲ್ ಒತ್ತಿ ಹಿಡಿದು ಮೆತ್ತಗೆ ಇಳಿಯುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ. ಇಳಿದರೆ ಅಲ್ಲೇ ಏರ್ ತೆಗೆಸಿ, ಕೃಷ್ಣಗಿರಿ ತನಕ ನೋಡೋಣ ಎಂದು ಹೊರಡಬೇಡಿ. ಊರಿಗೆ ಬಂದ ಮೇಲೆ ಗಾಲಿ ಮತ್ತು ಬಾಗಿಲಿನ ಕೆಳಭಾಗದ ಪ್ಯಾಡ್ ಧೂಳನ್ನು ತಡಮಾಡದೆ ಬರೀ ನೀರಿನ ರಭಸದಲ್ಲಿ ತೊಳೆಯಿರಿ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಮಳೆ ಹನಿ ಬಿದ್ದರೆ ಪೇಂಟ್ ಮೇಲೆ ತುಕ್ಕಿನ ಚುಕ್ಕಿಯಾಗಿ ಕೂತುಬಿಡುತ್ತದೆ.